ಟಿವಿಯಲ್ಲಿ ನೀನು ಬಂದ ಉಳಿದರ್ಧ

ಅವ್ವಾ,

ನಿನಗೆ ಓದು ಬರುತ್ತಿರಲಿಲ್ಲ. ನಾನು ಆರನೇ ಇಯತ್ತೆಗೇ ಸಾಲಿ ಬಿಟ್ಟವನು, ಕಾಗದ ಬರೆದವನೇ ಅಲ್ಲ. ಆದರೂ ಪೆನ್ನು ಹಿಡಿದಿದ್ದೇನೆ, ಯಾಕೆಂದರೆ ನೀನು ಕೇಳಿದ್ದಕ್ಕೆ ಉತ್ತರ ನಿನ್ನೆ ಸಿಕ್ಕಿತು. ನೀನು ಹೋಗಿ ಹತ್ತು ತಿಂಗಳಾದ ಮೇಲೆ! ಯಾರಿಗೆ ಬೇಕು ಇಂಥ ಉತ್ತರ? ಸಿಟ್ಟಿಗೆ ಮೈ ಉರಿಯುತ್ತಿದೆ. ಆದರೂ ಹೇಳದೆ ಇರಲು ಆಗುತ್ತಿಲ್ಲ.

ಟಿವಿಯವರ ಜೀಪು ಕಳ್ಳಕವಟಗಿಗೆ ಬಂದ ದಿನ ನಿನಗೆ ನೆನಪಿದೆಯಾ? ಆ ವರ್ಷ ನಮ್ಮೂರ ಸಾಲಿಗೆ ಸರಕಾರದ ಟಿವಿ ಬಂದಿತ್ತು. ಸಾಲಿ ಮಾಳಿಗೆಯ ಮೇಲೆ ಕೋಳಿಗೂಡಿನ ಜಾಳಿಯಿಂದ ಮಾಡಿದ ದೊಡ್ಡ ಛತ್ರಿ, ಮುಗಿಲಲ್ಲಿರುವ ಉಪಗ್ರಹದಿಂದ ಚಿತ್ರ ಹಿಡಿಯುತ್ತದೆ ಅಂದರು. ವಿಜಾಪುರ ಶಹರದವರಿಗೆ ಇಲ್ಲದ ಟಿವಿ ನಮ್ಮ ಹಳ್ಳಿಯವರಿಗೆ! ಜೀಪಿನವರು ಊರ ಸೂಲಗಿತ್ತಿ ಯಾರು ಅಂತ ಕೇಳಿ ನಮ್ಮ ಮನೆಗೇ ಬಂದರು. ಹೊಕ್ಕಳಬಳ್ಳಿ ಮೊದಲು ಹೇಗೆ ಕೊಯ್ಯುತ್ತಿದ್ದೆ ಅಂತ ಒಂದು ಸಲ ತೋರಿಸು, ನರ್ಸಬಾಯಿ ಕಲಿಸಿದ ಮೇಲೆ ಹೇಗೆ ಕೊಯ್ಯುತ್ತೀ ಅಂತ ಇನ್ನೊಂದು ಸಲ ತೋರಿಸು ಅಂದರು. ನೀನು ಬಟ್ಟೆಯ ಹುರಿ ಹಿಡಿದು ಮೊದಲು ಕುಡಗೋಲಿನಿಂದ ಕೊಯ್ದು ತೋರಿಸಿದೆ. ಆಮೇಲೆ ಒಲೆ ಹಚ್ಚಿ, ಹೊಸ ಬ್ಲೇಡು ನೀರಲ್ಲಿ ಕುದಿಸಿ, ಅದರಿಂದ ಕೊಯ್ದೆ. ನಡುವೆ ನನ್ನ ಕಡೆ ತಿರುಗಿ, “ಲೇ, ಸೆರಗ ಸರಿ ಐತೇನೋ ನೋಡೋ” ಅಂದಿ. ಊರೆಲ್ಲ ನಕ್ಕಿತ್ತು.

ಆಮೇಲೆ ಒಂದು ತಿಂಗಳೂ ಆಗಿರಲಿಲ್ಲ, ನೀನು ಬಚ್ಚಲಲ್ಲಿ ಬಿದ್ದು ತೊಡೆಯ ಎಲುಬು ಮುರಿದುಕೊಂಡೆ. ದವಾಖಾನೆಗೆ ಹತ್ತಿರ ಇರಲಿ ಅಂತ ನಾನು ವಿಜಾಪುರದಲ್ಲಿ ಬಾಡಿಗೆ ಮನೆ ಹುಡುಕಿದೆ. ನಮ್ಮ ಜಾತಿ ಕೇಳಿ ನಾಲ್ಕು ಓಣಿಯವರು ಬಾಗಿಲು ಹಾಕಿಕೊಂಡರು. ಕೊನೆಗೆ ಮುಸಲ್ಮಾನರ ಓಣಿಯ ಖಾಲಾ ಏನೂ ಕೇಳದೆ ತನ್ನ ಮನೆಯಲ್ಲೇ ಒಂದು ಕೋಣೆ ಕೊಟ್ಟಳು. ಅಲ್ಲಿಗೇ ತಾನೇ ಊರಿಂದ ಕಲ್ಲವ್ವ ಅತ್ತೆ ನಿನ್ನನ್ನು ನೋಡಲು ಬಂದದ್ದು? ನಾನು ವೆಲ್ಡಿಂಗ್ ಅಂಗಡಿಯಿಂದ ಊಟಕ್ಕೆ ಬಂದಿದ್ದೆ.

“ಟಿವ್ಯಾಗ ಬಂದಿದ್ದಿಯಲ್ಲ ಬೇ! ಕುಡಗೋಲ ಹಿಡಕೊಂಡ ಕುಂತಿದ್ದಿ ನೋಡು.”

“ಆಮ್ಯಾಲ?”

“ಆಮ್ಯಾಲ ಯಾವನೋ ಗಂಡಸ ಮಾತಾಡಿದ. ಹಿಂಗ ಮಾಡಬ್ಯಾಡ್ರಿ, ಕೂಸಿಗೆ ಧನುರ್ವಾಯು ಆಗತೈತಿ ಅಂದ. ಅಷ್ಟರಾಗ ಕರೆಂಟ ಹೋತು. ತಿರಗಿ ಬಂದಾಗ ಟಿವಿನs ಸುಟ್ಟ ಹೋಗಿತ್ತು.”

“ಮತ್ತ ನಾ ಬ್ಲೇಡ ಕುದಿಸಿದ್ದು?”

“ಯಾವ ಬ್ಲೇಡ ಬೇ?”

ಆ ಹೊತ್ತಿನ ನಿನ್ನ ಮುಖ ನನ್ನ ಕಣ್ಣಿಂದ ಹೋಗಿಲ್ಲ. ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಪಾರವ್ವನ ಚೊಚ್ಚಲ ಕೂಸು ಆರು ವರ್ಷದ ಹಿಂದೆ ಧನುರ್ವಾಯುವಿನಿಂದ ಹೋಗಿತ್ತಲ್ಲ, ಅದನ್ನು ನೀನೇ ಕೊಂದೆ ಅಂತ ಅವಳು ಈಗ ಬಾವಿಕಟ್ಟೆಯಲ್ಲಿ ಅಳುತ್ತಾಳಂತೆ, ಅಂದಳು. ನನಗೆ ಅತ್ತೆಯನ್ನು ಹೊರಗೆ ದಬ್ಬಬೇಕು ಅನ್ನಿಸಿತು. ನೀನು ಮಾತ್ರ, “ಆಕಿ ಅನ್ನೂದು ಖರೆ ಇರಬಹುದು. ಅದಕ್ಕs ಕಲತೇನಲ್ಲ ನಾ. ಕಲತದ್ದ ಆಕಿ ನೋಡಲಿಲ್ಲ” ಅಂದಿ. ಆಮೇಲೆ ಎರಡು ದಿನ ಊಟ ಮಾಡಲಿಲ್ಲ.

ನಾನು ಊರಿಗೆ ಹೋಗಿ ಹೆಡ್ ಮಾಸ್ತರರನ್ನು ಹಿಡಿದು ಕೇಳಿದಾಗ, ಬರುವ ಸೋಮವಾರ ಸಂಜೆ ಅದನ್ನೇ ಮತ್ತೆ ತೋರಿಸುತ್ತಾರೆ, ಆದರೆ ನಮ್ಮೂರ ಟಿವಿ ಅಷ್ಟರಲ್ಲಿ ರಿಪೇರಿ ಆಗುವುದಿಲ್ಲ ಅಂದರು. ಓಡಿ ಬಂದು ನಿನಗೆ ಹೇಳಿದೆ.

“ಹೊನವಾಡದ ಸಾಲ್ಯಾಗ ಟಿವಿ ಐತಿ. ಚಕ್ಕಡ್ಯಾಗ ಹಾಕ್ಕೊಂಡರ ಒಯ್ಯೋ ನನ್ನ.”

“ಎಲುಬ ಕೂಡೂತನಾ ಅಳ್ಳಾಡಬ್ಯಾಡ ಅಂದಾರ ಡಾಕ್ಟರ. ನೀ ಸುಮ್ಮ ಮಲಕೋ ಬೇ. ಇಲ್ಲೇ ತೋರಸ್ತೇನಿ.”

“ಇಲ್ಲಿ ಹೆಂಗ ತೋರಸ್ತಿ?”

“ತೋರಸ್ತೇನಿ ಅಂದೆ ಅಲಾ!”

ಯಾಕೆ ಹಾಗಂದೆ? ಡಾಕ್ಟರ ಮಾತು ಅರ್ಧ, ನನ್ನ ಸೊಕ್ಕು ಅರ್ಧ. ಖಾಲಾನ ಅಳಿಯ ಪುಣೆಯಿಂದ ತಂದಿಟ್ಟ ಟಿವಿಯೊಂದು ಅವಳ ಪಡಸಾಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿತ್ತು. ಪುಣೆಯಲ್ಲಿ ಬರುತ್ತಿತ್ತು, ಇಲ್ಲಿ ಏನೂ ಬರುತ್ತಿರಲಿಲ್ಲ. ಟಿವಿ ಇದೆ, ಇಲ್ಲದಿರುವುದು ಛತ್ರಿ ಒಂದೇ, ಅಂದುಕೊಂಡೆ. ಹೊನವಾಡಕ್ಕೆ ಹೋಗಿ ಸಾಲಿಯ ಛತ್ರಿಯನ್ನು ಮಾರು ಹಾಕಿ ಅಳೆದು ಬಂದೆ. ಅಂಗಡಿಯ ಗುಜರಿ ಸಲಾಕೆ ಬಗ್ಗಿಸಿ ಬೆಸೆದು, ಜಾಳಿ ಬಿಗಿದು, ಮಾಳಿಗೆ ಹತ್ತಿಸಿದೆ.

ಮಾಳಿಗೆ ಹತ್ತುವುದಕ್ಕೆ ಅಲ್ಲಿ ಒಂದು ರೀತಿ ಇತ್ತು, ನಿನಗೂ ಗೊತ್ತು. ಸುತ್ತಲಿನ ಮನೆಗಳ ಅಂಗಳಗಳೆಲ್ಲ ಮೇಲಿಂದ ಕಾಣುತ್ತವೆ. ಗಂಡಸು ಹತ್ತುವ ಮೊದಲು “ಪರ್ದಾ!” ಅಂತ ಮೂರು ಸಲ ಕೂಗಬೇಕು, ಹೆಣ್ಣುಮಕ್ಕಳು ಒಳಗೆ ಹೋಗುವವರೆಗೆ ಮೆಟ್ಟಿಲಲ್ಲೇ ನಿಲ್ಲಬೇಕು. ನಾನು ಹತ್ತುವುದು, ಛತ್ರಿ ಒಂದು ಗೇಣು ತಿರುಗಿಸುವುದು, ಇಳಿದು ಟಿವಿ ನೋಡುವುದು. ಗಾಜಿನ ಮೇಲೆ ಹಿಟ್ಟು ಸೋಸಿದ ಹಾಗೆ ಬಿಳಿ ಚುಕ್ಕೆ, ಗುಂಯ್ ಅನ್ನುವ ಸದ್ದು. ಮತ್ತೆ ಕೂಗುವುದು, ಮತ್ತೆ ಹತ್ತುವುದು. ಪಕ್ಕದ ಅಂಗಳದಿಂದ ಒಬ್ಬಾಕೆ, “ಏನ ಖಾಲಾ, ನಿಮ್ಮ ಬಾಡಿಗಿಯಾಂವ ನಮಗ ರೊಟ್ಟಿ ಮಾಡಾಕೂ ಬಿಡೂದಿಲ್ಲೇನು?” ಅಂದರೆ, ಖಾಲಾ ನನಗೆ, “ಅವರ ಬೈಲಿ ಬಿಡು ಬೇಟಾ. ನೀ ಅವಾಜ್ ಕೊಡೂದ ಮಾತ್ರ ಮರೀಬ್ಯಾಡ” ಅಂತಿದ್ದಳು. ನೀನು ಹಾಸಿಗೆಯಲ್ಲೇ ನಗುತ್ತಿದ್ದೆ. ಆ ವಾರ ನೀನು ಎರಡೂ ಹೊತ್ತು ಉಂಡೆ, ಅವ್ವಾ.

ಸೋಮವಾರ ಸಂಜೆ ಟಿವಿಯನ್ನು ನಿನ್ನ ಹಾಸಿಗೆಯ ಎದುರಿಗೇ ತಂದಿಟ್ಟೆವು. ಹೊತ್ತಾಯಿತು. ಬರೀ ಚುಕ್ಕೆ. ಕೂಗಿದೆ, ಹತ್ತಿದೆ, ತಿರುಗಿಸಿದೆ, ಇಳಿದೆ. ಚುಕ್ಕೆ. ಈಗ ನಿನ್ನ ಕುಡಗೋಲು ಬಂದಿರುತ್ತದೆ, ಈಗ ಬ್ಲೇಡು ಬಂದಿರುತ್ತದೆ... ನೀನು ಕಣ್ಣು ಮಿಟುಕಿಸದೆ ಆ ಚುಕ್ಕೆಗಳನ್ನೇ ನೋಡುತ್ತಿದ್ದೆ. ನನಗೆ ತಲೆ ಕೆಟ್ಟಿತು. ಕೂಗದೆ ಹತ್ತಿಬಿಟ್ಟೆ. ಪಕ್ಕದ ಮನೆಯ, ಟಾಂಗಾ ಹೊಡೆಯುವ ದಸ್ತಗೀರ ಚಾಚಾನ ಸೊಸೆ ಅಂಗಳದಲ್ಲಿ ತಲೆ ತೊಳೆದುಕೊಳ್ಳುತ್ತಿದ್ದಳು, ಚೀರಿದಳು. ಚಾಚಾ ಮಾಳಿಗೆಗೆ ಬಂದವನೇ ಛತ್ರಿಯನ್ನು ಕಿತ್ತು ಓಣಿಗೆ ಎಸೆದ. ನಾನು ಅವನ ಅಂಗಿ ಹಿಡಿದೆ. ತಪ್ಪು ನನ್ನದೇ, ಆದರೂ ಹಿಡಿದೆ. ಕೆಳಗಿನಿಂದ ನೀನು ಮಲಗಿದಲ್ಲಿಂದಲೇ ಕೂಗಿದೆ: “ತಪ್ಪ ನನ್ನ ಮಗಂದ್ರೀ ಅಣ್ಣಾ! ನಂದs ತಪ್ಪ, ನನ್ನ ಸಲವಾಗಿ ಹತ್ಯಾನ!” ಚಾಚಾ ನನ್ನ ಕೈ ಬಿಡಿಸಿಕೊಂಡು ಇಳಿದು ಹೋದ.

ಮರುದಿನ ರೇಡಿಯೋ ರಿಪೇರಿಯವನಿಗೆ ಕೇಳಿದರೆ ಬಿದ್ದು ಬಿದ್ದು ನಕ್ಕ. “ಹುಚ್ಚ ಅದಿಯೇನ್ಲೇ? ಛತ್ರಿ ಹಿಡದದ್ದನ್ನ ಬದಲಿ ಮಾಡೂ ಪೆಟ್ಟಿಗಿ ಬ್ಯಾರೇನs ಇರತೈತಿ. ಅದಿಲ್ಲದ ನೀ ಗೋಳಗುಮ್ಮಟನs ಡಬ್ಬ ಹಾಕಿದ್ರೂ ಏನೂ ಬರೂದಿಲ್ಲ.” ಮೊದಲೇ ಅವನನ್ನು ಕೇಳಬಹುದಿತ್ತಲ್ಲ? ಚಕ್ಕಡಿಯಲ್ಲಿ ಹುಲ್ಲು ಹಾಸಿ ಮೆಲ್ಲಗೆ ಹೊಡೆದುಕೊಂಡು ಹೋಗಿದ್ದರೆ ನಸುಕಿಗೇ ಬಿಟ್ಟು ಸಂಜೆಗೆ ಹೊನವಾಡ... ಎಂಟು ದಿನಕ್ಕೆ ನಿನಗೆ ಜ್ವರ ಏರಿತು. “ತೋರಿಸಿದ್ರೇನೋ ಅವರು ಉಳದದ್ದು?” ಅಂತ ನೀನು ಕೇಳಿದೆ. ಉತ್ತರ ಸಿಗದೆಯೇ ನೀನು ಆ ಜ್ವರದಲ್ಲೇ ಹೋದೆ. ಸುಳ್ಳಾದರೂ ಹೇಳಬಾರದಿತ್ತೇ ಈ ಬಾಯಿ?

ನಿನ್ನೆ ತಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ ಗೇಟು ಬೆಸೆಯುತ್ತಿದ್ದೆ. ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು ಯಾವೂರು ಅಂದಳು. ಕಳ್ಳಕವಟಗಿ ಅಂದೆ.

“ನಿಮ್ಮೂರ ಸೂಲಗಿತ್ತಿ ಟಿವ್ಯಾಗ ಬಂದಿದ್ದಳಲ್ಲೋ. ಅಗದೀ ಚಂದ ಹೇಳಿದ್ದಳು.”

ವೆಲ್ಡಿಂಗ್ ಹೋಲ್ಡರು ಕೆಳಗಿಟ್ಟು ಅವಳ ಕಡೆ ತಿರುಗಿದೆ. “ಏನ ಹೇಳಿದ್ದಳು?”

ಅವಳು ಹೊನವಾಡದ ಸೂಲಗಿತ್ತಿ, ಅವ್ವಾ. ಗಂಗವ್ವ ಅಂತ ಹೆಸರು. ಸೋಮವಾರದ್ದನ್ನು ಪೂರಾ ನೋಡಿದ್ದಾಳೆ. ನೀನು ಒಲೆ ಹಚ್ಚಿದ್ದು, ಬ್ಲೇಡು ಕುದಿಸಿದ್ದು, ಎಲ್ಲ ಬಂತಂತೆ. ಆಮೇಲೆ ನೀನು ಎದುರಿಗೆ ನೋಡಿ, “ನನಗ ಗೊತ್ತಿರಲಿಲ್ಲ, ಈಗ ಕಲತೇನಿ, ನೀವೂ ಕಲೀರಿ” ಅಂದಿಯಂತೆ. ಗಂಗವ್ವ ಮರುದಿನವೇ ನರ್ಸಬಾಯಿಯ ಹತ್ತಿರ ಹೋದಳಂತೆ. “ನಾ ಯಾರ ಮಾತೂ ಕೇಳಾಕಿ ಅಲ್ಲ. ಆಕಿ ನನ್ನಂಗs ಮುದುಕಿ, ಅದಕ್ಕ ಕೇಳಿದೆ” ಅಂದಳು.

ನೀನಿಲ್ಲ ಅಂತ ಹೇಳಿದೆ. ಪಾರವ್ವನ ಮಾತನ್ನೂ ಹೇಳಿದೆ, ಸಿಟ್ಟಿನಿಂದ, ಬಸ್‌ಸ್ಟ್ಯಾಂಡಿನ ಮಂದಿಯೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. ಗಂಗವ್ವ ಪೂರ್ತಿ ಕೇಳಿಸಿಕೊಂಡಳು.

“ಒದರಬ್ಯಾಡೋ. ಮನಿ ಎಲ್ಲೈತಿ ಆಕಿದು?”

“ಯಾರದು?”

“ಪಾರವ್ವಂದು. ಕೂಸ ಕಳಕೊಂಡಾಕಿ. ನೀ ಹೋಗಿ ಜಗಳಾ ತಗೀತಿ. ನಾ ಬರ್ತೇನಿ, ಆಕಿ ಬಾಜೂಕ ಕುಂತ ಹೇಳ್ತೇನಿ. ನಾ ನೋಡೀನಿ, ಯಪ್ಪಾ.”

ಈ ಭಾನುವಾರ ಅವಳನ್ನು ನಮ್ಮೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಅವ್ವಾ. ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಬಾಯಿ ಬಿಡುವುದಿಲ್ಲ.