ಬಲ್ಗೇರಿಯಾಕ್ಕೆ ಹೊರಟ ಚೀಲ

ಸಿರುಗುಪ್ಪ
14-5-1978, ಭಾನುವಾರ

ಪ್ರೀತಿಯ ಗೆಳತಿ ಗುರುಬಸಮ್ಮನಿಗೆ ಚನ್ನವೀರಮ್ಮ ಮಾಡುವ ಶರಣು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಮ್ಮ ಕ್ಷೇಮ ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ.

ನಿನ್ನ ಕಾರ್ಡು ಮುಟ್ಟಿತು. ಚೀಲವನ್ನು ಬಸ್ಸಿಗೆ ಹಾಕಿ ಕಳಿಸಲೇ ಎಂದು ಕೇಳಿದ್ದೀಯ. ಬೇಡ ತಾಯಿ, ನಿನ್ನ ಕಾಲು ಹಿಡಿಯುತ್ತೇನೆ, ಕಳಿಸಬೇಡ.

ಬಲ್ಗೇರಿಯಾ ಎಂದಾಗ ಮೊದಲು ನಕ್ಕವಳು ನೀನೇ. ಹೋದರ ಲಂಡನ್ನಿಗೆ ಹೋಗಬೇಕು, ಇದ್ಯಾವ ಕಾಣದ ಊರವ್ವಾ ಅಂದಿದ್ದೆ. ಮೂವತ್ತು ವರ್ಷ ಭೂಗೋಳ ಪಾಠ ಹೇಳಿದ ನಮ್ಮ ಮನೆಯವರು ಶ್ರೀಶೈಲದಿಂದಾಚೆ ಕಂಡವರಲ್ಲ. ಹನ್ನೆರಡು ವರ್ಷದಿಂದ ಪತ್ರ ಬರೆಯುತ್ತಿದ್ದ ಆ ದೇಶದ ಮೇಷ್ಟ್ರೊಬ್ಬರು, ಮೇ ಕೊನೆಗೆ ಗುಲಾಬಿ ಬಿಡಿಸುವ ಕಾಲ, ಇಬ್ಬರೂ ನಮ್ಮ ಮನೆಗೇ ಬನ್ನಿ ಎಂದು ಕರೆದರು. ಅಂದಿನಿಂದ ಸಂಜೆಯಾದರೆ ಅಟ್ಲಾಸು ಹರವಿ ಕೂಡುವುದೇ ಇವರ ಕೆಲಸ. ಗುಂತಕಲ್ಲು, ಬೊಂಬಾಯಿ, ಸೋಫಿಯಾ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಅಲ್ಲಿ ಮೊಸರು ಸಿಗತೈತಿ, ನೀ ಅಂಜಬ್ಯಾಡ ಅನ್ನುತ್ತಿದ್ದರು. ಖಡಕ್ ರೊಟ್ಟಿ ಇಪ್ಪತ್ತು ದಿನ ಕೆಡುವುದಿಲ್ಲ ಎಂದು ನಾನೂ ತಾಳ ಹಾಕುತ್ತಿದ್ದೆ. ನನಗೇನು ಆಸೆಯಿರಲಿಲ್ಲ ಬಿಡು, ಅವರ ಸಲುವಾಗಿ ಒಪ್ಪಿದ್ದು.

ಕುರುಗೋಡಿನ ಮಠದ ಅಯ್ಯನವರು ಏಪ್ರಿಲ್ ಹದಿನೇಳರ ಸೋಮವಾರ ಬಿಟ್ಟರೆ ಹೊರಡಲು ಒಳ್ಳೆಯ ಗಳಿಗೆಯೇ ಇಲ್ಲ ಎಂದರು. ಟಿಕೆಟ್ಟು ಇದ್ದದ್ದು ಮೇ ಇಪ್ಪತ್ತೆರಡಕ್ಕೆ. ಅದಕ್ಕೇ ನಿಮ್ಮ ಮನೆಯಲ್ಲಿ ಪ್ರಸ್ಥಾನ ಇಟ್ಟೆವು. ಗಳಿಗೆ ನೋಡಿ ಚೀಲ ಮನೆ ಬಿಟ್ಟರೆ ಮನುಷ್ಯ ಹೊರಟ ಹಾಗೇ ಅಲ್ಲವೇ? ಬೇರೆಯವರು ಬಟ್ಟೆಯಲ್ಲಿ ಹಿಡಿ ಅಕ್ಕಿ, ಎಲೆ ಅಡಿಕೆ ಕಟ್ಟಿ ಇಡುತ್ತಾರೆ. ಇವರೋ, ಹೆಂಗೂ ಬಳ್ಳಾರಿ ಮ್ಯಾಲೇ ಹೋಗೂದು, ಎರಡು ಸಲ ಯಾಕ ಹೊರೂದು ಎಂದು ತಮ್ಮ ಕೋಟು, ನನ್ನ ನಾಲ್ಕು ಒಳ್ಳೆಯ ಸೀರೆ, ನೀನು ಹೆಣೆದ ಸ್ವೆಟರು, ಎಲ್ಲವನ್ನೂ ತುಂಬಿದರು.

ಒಂಬತ್ತನೆಯ ದಿನ ಸ್ನಾನಕ್ಕೆ ಕೂತವರು ಏಳಲಿಲ್ಲ. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಬಳ್ಳಾರಿಯವರೆಗೆ ಜೀಪಿನಲ್ಲೂ ಒಯ್ಯಬೇಡಿ ಎಂದಿದ್ದಾರೆ ಡಾಕ್ಟರು. ಎತ್ತಿ ಕೂಡಿಸುವುದು, ಅಂಬಲಿ ಕುಡಿಸುವುದು, ಬೆನ್ನು ಒರೆಸುವುದು, ದಿನ ಇದರಲ್ಲೇ ಸರಿಯುತ್ತದೆ. ಏನಾದರೂ ಬೇಕಾದರೆ ನನ್ನ ಹರಿದ ಸೆರಗು ಹಿಡಿದು ಜಗ್ಗುತ್ತಾರೆ. ಆಮೇಲೆ ಎಡಗೈಯಲ್ಲಿ ಚೀಲದ ಆಕಾರ ಮಾಡಿ ಬಾಗಿಲ ಕಡೆ ತೋರಿಸುತ್ತಾರೆ. ಚೀಲ ಗುರುಬಸಮ್ಮನ ಮನ್ಯಾಗ ಐತ್ರಿ, ನಾವು ಹೊಂಟೇ ಅದೀವಿ ಅನ್ನುತ್ತೇನೆ. ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ.

ಪಕ್ಕದ ಮನೆಯ ಸುಂಕಲಮ್ಮ, ಏನವ್ವಾ, ಒಂದು ಬಿಟ್ಟರ ಇನ್ನೊಂದು, ಇವೇ ಎರಡು ಸೀರಿ ಉಡ್ತೀಯಲ್ಲ ಅಂದಳು. ಬ್ಯಾಸಗಿಗೆ ಇವೇ ತಂಪು ಅಂದೆ. ಪ್ರಸ್ಥಾನದ ಚೀಲ ಊರು ಕಾಣದೆ ತಿರುಗಿ ಹೊಸ್ತಿಲೊಳಗೆ ಬಂದರೆ ಆ ಪ್ರಯಾಣ ಮುಗಿದ ಹಾಗೆಯೇ, ನಿನಗೆ ಗೊತ್ತು. ಆ ಆಸೆಯ ಮೇಲೇ ಜೀವ ಹಿಡಿದಿದ್ದಾರೆ ಅವರು. ಚೀಲ ಕಂಡರೆ ಎದೆ ಒಡೆದುಕೊಳ್ಳುತ್ತಾರೆ. ನಾನೊಬ್ಬಳೇ ಏನು ಮಾಡಲಿ, ಹೇಳು?

ಇಂತಿ ನಿನ್ನ, ಏನೂ ತೋಚದ
ಚನ್ನವೀರಮ್ಮ

ತಾ.ಕ.: ಕವರು ಅಂಟಿಸಲು ಕೈ ಬರಲಿಲ್ಲ. ನಿನಗೂ ಸುಳ್ಳು ಹೇಳಿದರೆ ಇನ್ಯಾರಿಗೆ ನಿಜ ಹೇಳಲಿ? ಮೊನ್ನೆ ಅವರ ಎಡಗೈಗೆ ಬಳಪ ಕೊಟ್ಟೆ. ಅರ್ಧ ಗಂಟೆ ಹೆಣಗಿ ಹಲಗೆಯ ಮೇಲೆ ಬರೆದರು: ಚೀಲ ತರಿಸು. ನಿನ್ನ ಸೀರಿ. ಅಕ್ಷರ ಸೊಟ್ಟಗಿದ್ದರೂ ಸ್ಪಷ್ಟವಾಗಿದ್ದವು. ಏನು ಬರದೀರೋ ತಿಳಿಯವಲ್ದರಿ ಎಂದು ಸೆರಗಿನಿಂದ ಒರೆಸಿಬಿಟ್ಟೆ. ಚೀಲ ಅಲ್ಲೇ ಇರಲಿ.