ಒಣಹೊಳೆಯ ಚಿಪ್ಪುಗಲ್ಲು

ಬಿಗ್ ಬೆಂಡ್ ಪಾರ್ಕು, ಟೆಕ್ಸಸ್
ಶನಿವಾರ, 14 ನವೆಂಬರ್ 1998, ಮಧ್ಯಾಹ್ನ

ಪ್ರೀತಿಯ ರೊಮೆಲಿಯಾ,

ಹೇಗಿದ್ದೀಯೇ? ಮಂಡಿನೋವು ಇಳಿಯಿತೇ? ಒಡೆಸ್ಸಾದಲ್ಲಿ ಚಳಿ ಶುರುವಾಗಿರಬೇಕು. ಬೆಳಗಾಗೆದ್ದು ಬರಿಗಾಲಲ್ಲಿ ಅಡುಗೆಮನೆಗೆ ಹೋಗಬೇಡ, ಆ ತಣ್ಣನೆಯ ನೆಲ ಮಂಡಿಗೆ ಆಗಿಬರುವುದಿಲ್ಲ. ಅಂದಹಾಗೆ ನಿನ್ನ ಮನೆಯ ಸೂರು ಸೋರುವುದು ನಿಂತಿತೇ? ಹೋದ ತಿಂಗಳು ನಿಮ್ಮಣ್ಣ ಮೂರು ದಿನ ಅಲ್ಲೇ ಇದ್ದು ರಿಪೇರಿ ಮಾಡಿ ಬಂದರಲ್ಲ, ನಿಂತಿರಲೇಬೇಕು. ಯಾವ ಮೂಲೆಯಲ್ಲಿ ಸೋರುತ್ತಿತ್ತು, ಎಷ್ಟು ಶೀಟು ಬದಲಾಯಿಸಿದಿರಿ, ಎಲ್ಲ ವಿವರವಾಗಿ ಬರಿ. ಈಚೆಗೆ ನನಗೆ ಸೂರಿನ ವಿಷಯದಲ್ಲಿ ಭಾರೀ ಆಸಕ್ತಿ ಹುಟ್ಟಿದೆ.

ಫೋನು ಮಾಡದೆ ಕಾಗದ ಯಾಕೆ ಬರೆದಳು ಅತ್ತಿಗೆ ಅಂತ ಹುಬ್ಬೇರಿಸಬೇಡ. ನಾನು ನಿನ್ನ ನಂಬರು ತಿರುಗಿಸಿದರೆ ಸಾಕು, ಹಿತ್ತಿಲಲ್ಲಿದ್ದ ಮನುಷ್ಯ ಓಡಿ ಬಂದು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಸೆಪ್ಟೆಂಬರಿನಿಂದ ಇದೇ ಆಗಿದೆ. ನಮ್ಮ ಮನೆಯ ಅಂಚೆಯನ್ನು ಒಡೆಯುವುದು ಮೊದಲಿಂದಲೂ ಅವರೇ, ನಿನಗೆ ಗೊತ್ತು. ಗೇಟಿನ ಹತ್ತಿರವೇ ನಿಂತು ಒಡೆದು ಓದಿ, ನನಗೆ ಸುದ್ದಿ ಹೇಳುತ್ತ ಒಳಗೆ ಬರುತ್ತಿದ್ದರು. ಈಗ ಒಂದನ್ನೂ ಒಡೆಯುವುದಿಲ್ಲ, ಎಲ್ಲವನ್ನೂ ಜೇಬಿಗೆ ತುರುಕುತ್ತಾರೆ. "ಏನ್ರೀ ಅದು?" ಅಂದರೆ "ಏನೋ ಜಾಹೀರಾತು ಬಿಡೇ" ಅನ್ನುತ್ತಾರೆ. ಕೈಯಲ್ಲಿ ಬರೆದ ವಿಳಾಸದ ಜಾಹೀರಾತನ್ನು ನಾನಂತೂ ಕಂಡಿಲ್ಲ. ಅದಕ್ಕೇ ಉತ್ತರವನ್ನು ಮನೆಗೆ ಬರೆಯಬೇಡ, ನಾನು ಕೆಲಸ ಮಾಡುತ್ತಿದ್ದ ಸ್ಕೂಲಿನ ಅಡುಗೆಮನೆಯ ವಿಳಾಸಕ್ಕೆ ಬರಿ. ಹುಡುಗಿಯರು ನನಗೆ ತಲುಪಿಸುತ್ತಾರೆ.

ನಾಳೆಗೆ ನಮ್ಮ ಮದುವೆಯಾಗಿ ನಲವತ್ತು ವರ್ಷ. ಸಮುದ್ರ ತೋರಿಸುತ್ತೇನೆ ಅಂತ ಹೊಸ ಹೆಂಡತಿಯನ್ನು ಟ್ರಕ್ಕಿಗೆ ಹತ್ತಿಸಿಕೊಂಡು ಹೊರಟ ನಿಮ್ಮಣ್ಣ ಈ ಮರಳುಗಾಡಿಗೆ ತಂದಿಳಿಸಿದ ಕಥೆಯನ್ನು ನಿಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿ ನಕ್ಕಿದ್ದೀರೋ. ನಾನು ಮುಖ ಊದಿಸಿಕೊಂಡು ಕೂತಿದ್ದೆ. ಅವರು ಒಣಹೊಳೆಗೆ ಇಳಿದು, ಚಿಪ್ಪು ಅಚ್ಚೊತ್ತಿದ ಒಂದು ಕಲ್ಲು ಹೆಕ್ಕಿ ತಂದು, "ಒಂದು ಕಾಲಕ್ಕೆ ಇದೂ ಸಮುದ್ರಾನೇ ಕಣೇ, ನೀನು ಸ್ವಲ್ಪ ತಡವಾಗಿ ಬಂದೆ ಅಷ್ಟೆ" ಅಂದಿದ್ದರು. ಅವತ್ತಿನಿಂದ ಇದು ನಮ್ಮ ಪದ್ಧತಿ. ಪ್ರತಿ ವರ್ಷ ಇದೇ ಜಾಗದಲ್ಲಿ ಡೇರೆ, ಇದೇ ಹೊಳೆಯಲ್ಲಿ ಹುಡುಕಾಟ. ಸಿಕ್ಕ ಚಿಪ್ಪುಗಲ್ಲನ್ನು ಮೆಸ್ಕೀಟ್ ಮರದ ಬುಡದ ಗುಡ್ಡೆಗೆ ಇಬ್ಬರೂ ಕೈಹಾಕಿ ಸೇರಿಸಬೇಕು. ಯಾವ ವರ್ಷವೂ ಮೊದಲು ಕಂಡದ್ದು ನಾನಲ್ಲ. ಮೂವತ್ತು ವರ್ಷ ಕೌಂಟಿಯ ಮಣ್ಣುರಸ್ತೆ ಸಮ ಮಾಡುವ ಯಂತ್ರ ಓಡಿಸಿದ ಕಣ್ಣು, ಅದಕ್ಕೆ ಯಾವ ಕಲ್ಲು ತಪ್ಪಿಸಿಕೊಂಡೀತು?

ಈಗ ಕೇಳು. ಕೋರ್ಟಿನಲ್ಲಿ ಹೇಳುವ ಹಾಗೆ ಒಂದೊಂದಾಗಿ ಹೇಳುತ್ತೇನೆ. ನಿನ್ನ ಸೂರಿನ ರಿಪೇರಿ ಮುಗಿಸಿ ಬಂದ ಭಾನುವಾರ ಟ್ರಕ್ಕು ಫಳಫಳ ಹೊಳೆಯುತ್ತಿತ್ತು. ವರ್ಷಕ್ಕೊಮ್ಮೆ ಈಸ್ಟರಿಗೆ ಟ್ರಕ್ಕು ತೊಳೆಯುವ ಗಂಡಸು ಅಕ್ಟೋಬರಿನಲ್ಲಿ ಯಾಕೆ ತೊಳೆದ? ತೊಳೆದದ್ದೇನೋ ಸರಿ, ಚಕ್ರದ ಒಳಮೈ ಮರೆತಿದ್ದರು. ಅಲ್ಲಿ ಅಂಟಿದ್ದ ಬೂದಿಬಣ್ಣದ ಧೂಳು ಒಡೆಸ್ಸಾದ್ದಲ್ಲ. ಇಲ್ಲಿಯದು. ಇನ್ನು, ಮಾತಾಡುವಾಗ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಾರೆ. ತಲೆ ವಾರೆ ಮಾಡಿಕೊಂಡು ನನ್ನ ಕಿವಿಯ ಆಚೆ ಎಲ್ಲೋ ನೋಡುತ್ತಾರೆ. ಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಬಡಿಸಿದವಳು ನಾನು. ಎರಡು ಸಲ ಸಿಹಿ ತಿಂದು ಮೂರನೆಯದಕ್ಕೆ ಬಂದ ಮಗು ಹೇಗೆ ನೋಡುತ್ತದೆ ಅಂತ ನನಗೆ ಗೊತ್ತಿಲ್ಲವೇ?

ನಿನ್ನೆ ಹೊರಟಾಗ ಬೆಳಗಿನ ಕಾಫಿ ಕುಡಿಯಲೂ ಬಿಡಲಿಲ್ಲ, ಬೆಳಕಿರುವಾಗಲೇ ಸೇರಬೇಕು ಅಂತ ಒಂದೇ ಸಮನೆ ಅವಸರ. ಹೊರಟ ಮೇಲೆ ನೋಡಿದರೆ ಎತ್ತಿನ ಗಾಡಿಯ ವೇಗ! ಹಿಂದಿನಿಂದ ಬಂದವರೆಲ್ಲ ಹಾರ್ನು ಹೊಡೆದು ಮುಂದೆ ಹೋದರು. ಪಾರ್ಕಿನ ಕಚೇರಿಯಲ್ಲಿ ಅನುಮತಿ ಚೀಟಿಯ ನಿಯಮ ಓದಿ ಸಹಿ ಹಾಕಬೇಕಲ್ಲ, "ನೀನೇ ಓದೇ, ನಿನ್ನ ದನಿ ಚೆನ್ನಾಗಿದೆ" ಅಂದರು. ನಲವತ್ತು ವರ್ಷದಲ್ಲಿ ನನ್ನ ದನಿಗೆ ಸಿಕ್ಕ ಮೊದಲ ಹೊಗಳಿಕೆ! ನಾನು ಬೆಚ್ಚಿಬಿದ್ದೆ. ಅದಕ್ಕೂ ಮುಂಚೆ ಇನ್ನೊಂದಾಗಿತ್ತು. ನಾವು ಒಳಗೆ ಕಾಲಿಡುತ್ತಿದ್ದಂತೆಯೇ ಕೌಂಟರಿನ ಹುಡುಗಿ, "ಓ, ಲುಹಾನ್ ಅವ್ರೇ, ಮತ್ತೆ ಬಂದ್ರಾ! ಅದೇ ಜಾಗ ತಾನೇ? ಆ ಮೇಡಂ ಬರ್ಲಿಲ್ವಾ ಈ ಸಲ?" ಅಂದಳು. ನಿಮ್ಮಣ್ಣನಿಗೆ ಎಲ್ಲಿತ್ತೋ ಕೆಮ್ಮು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಟ್ರಕ್ಕಿನಲ್ಲಿ ಕೇಳಿದೆ, "ಯಾವ ಮೇಡಮ್ಮು ರೀ?" "ದಿನಕ್ಕೆ ನೂರು ಜನ ಬರ್ತಾರೆ, ಯಾರನ್ನೋ ಯಾರೋ ಅನ್ಕೊಂಡಿದಾಳೆ ಬಿಡು." "ಹೆಸರು ಹಿಡಿದು ಕರೆದಳಲ್ಲ?" "ಹೆಸರು ಚೀಟೀಲಿತ್ತಲ್ಲ." ಚೀಟಿಯನ್ನು ಅವಳು ಆಮೇಲೆ ಬರೆದದ್ದು, ರೊಮೆಲಿಯಾ. ಅವಳು ಕರೆದಾಗ ಅವಳ ಮುಂದೆ ಒಂದು ಪೆನ್ನು ಬಿಟ್ಟರೆ ಏನೂ ಇರಲಿಲ್ಲ.

ಇಲ್ಲಿಗೆ ಬಂದು ಕಬ್ಬಿಣದ ಪೆಟ್ಟಿಗೆ ತೆಗೆದೆ. ಕರಡಿ ಬಾಯಿ ಹಾಕದಂತೆ ಊಟದ ಸಾಮಾನು ಇಡುವ ಪೆಟ್ಟಿಗೆ ಅದು. ಮುಂದೆ ಬರುವವರು ಮೊದಲೇ ನೀರಿನ ಕ್ಯಾನು ತಂದಿಟ್ಟು, ಮೇಲೆ ಹೆಸರು, ಎಷ್ಟು ಜನ, ಬರುವ ತಾರೀಖು ಬರೆದು ಹೋಗುತ್ತಾರೆ. ಬಾಯಾರಿ ಸಾಯುವ ಹಾಗಾದರೆ ಹೊರತು ಬೇರೆಯವರ ನೀರನ್ನು ಯಾರೂ ಮುಟ್ಟುವುದಿಲ್ಲ. ಒಳಗೆ ಧೂಳು ಹಿಡಿದ ಎರಡು ಕ್ಯಾನು. ಮೇಲೆ 'ಲುಹಾನ್, ಇಬ್ಬರು, ನವೆಂಬರ್ 13'. ಅಂಗೈ ಅಗಲದ ಅಕ್ಷರ, ಒಂದರ ಮೇಲೊಂದು ಹತ್ತಿ ಕೂತಿವೆ. ನಿಮ್ಮಣ್ಣನ ಬರಹವೆಂದರೆ ಇರುವೆ ಸಾಲು, ಇದು ಅವರದಲ್ಲ ಅಂತ ಯಾರಾದರೂ ಹೇಳುತ್ತಾರೆ. ಕೇಳಿದರೆ "ಚೋನ್ ಕೈಲಿ ಕಳಿಸಿದ್ದೆ" ಅಂದರು. ಜೊತೆಗೆ ಯಂತ್ರ ಓಡಿಸುತ್ತಿದ್ದ ಆ ಚೋನ್ ಬೇಸಿಗೆಯಿಂದ ಎಲ್ ಪಾಸೋದಲ್ಲಿ ಮಗಳ ಮನೆಯಲ್ಲಿದ್ದಾನೆ. ಸುಳ್ಳು ಹೇಳುವುದಕ್ಕೂ ಒಂದು ಅಭ್ಯಾಸ ಬೇಕಲ್ಲವೇ? ಪಾಪ, ಇವರಿಗೆ ಅದೂ ಇಲ್ಲ.

ಇನ್ನೊಂದು. ಡೇರೆ ಹಾಕುವ ಜಾಗದಿಂದ ಹೊಳೆಯ ಅಂಚಿನವರೆಗೆ ಪೊದೆಪೊದೆಗೂ ಹಳದಿ ಬಟ್ಟೆಯ ಚೂರು ಕಟ್ಟಿದೆ. ಹತ್ತಿರ ಹೋಗಿ ನೋಡಿದರೆ ನನ್ನ ಸ್ಕೂಲಿನ ಏಪ್ರನ್ನು! ಇಲಿ ಕಡಿದು ಹಾಳು ಮಾಡಿತು, ಬಿಸಾಕಿದೆ ಅಂತ ಅವರು ಹೇಳಿದ್ದರು. ಅದನ್ನು ಕತ್ತರಿಸಿ ಯಾರ ಸ್ವಾಗತಕ್ಕೆ ತೋರಣ ಕಟ್ಟಿದರು? ಸಿಟ್ಟಿನಲ್ಲಿ ಬಿಚ್ಚಲು ಹೋದರೆ "ಇರ್ಲಿ ಬಿಡೇ, ಚಂದ ಕಾಣುತ್ತೆ, ಹೋಗೋವಾಗ ಬಿಚ್ಚೋಣ" ಅಂತ ಕೈ ಹಿಡಿದರು.

ಇವತ್ತು ಬೆಳಿಗ್ಗೆ ಕಲ್ಲು ಹುಡುಕಲು ಹೊಳೆಗೆ ಇಳಿದೆವು. ಇಳಿದು ಒಂದು ನಿಮಿಷವಾಗಿಲ್ಲ, "ಸಿಕ್ತು!" ಅಂದರು. ನೆಲದ ಕಲ್ಲೆಲ್ಲ ರಾತ್ರಿಯ ಚಳಿಗೆ ಮಂಜುಗಡ್ಡೆಯಂತಿತ್ತು, ಅವರ ಕೈಯ ಕಲ್ಲು ಮಾತ್ರ ಬೆಚ್ಚಗಿತ್ತು. ಜೇಬಿನಲ್ಲಿ ಇಟ್ಟುಕೊಂಡು ಬಂದದ್ದು ಅದು. ನಲವತ್ತು ವರ್ಷದ ನಮ್ಮ ಆಟದಲ್ಲೂ ಮೋಸ! ಇಷ್ಟು ಹೊತ್ತು ಬೈದುಕೊಳ್ಳುತ್ತಿದ್ದವಳಿಗೆ ಆಗ ಮಾತ್ರ ಅಳು ಬಂತು ಕಣೇ. ತಲೆನೋವು, ಗುಡ್ಡೆಗೆ ನಾಳೆ ಸೇರಿಸೋಣ ಅಂತ ನೆಪ ಹೇಳಿ ಹಿಂದೆ ಸರಿದೆ. ದೊಡ್ಡ ಬಂಡೆಯ ಹಿಂದೆ ಹೋಗಿ ಅತ್ತು, ಮೂಗು ಒರೆಸಿಕೊಂಡು ಕೆಳಗೆ ನೋಡಿದರೆ ಅಲ್ಲೊಂದು ರಾಶಿ. ಉಪ್ಪು ಹಾಕಿದ ಸೂರ್ಯಕಾಂತಿ ಬೀಜದ ಸಿಪ್ಪೆ. ಪ್ರತಿಯೊಂದೂ ನೀಟಾಗಿ ಎರಡು ಹೋಳು.

ಹಾಗೆ ಮುಂದಿನ ಹಲ್ಲಲ್ಲಿ ಸೀಳಿ ಉಗಿಯುವವರು ಈ ಟೆಕ್ಸಸಿನಲ್ಲಿ ಒಬ್ಬರೇ ಇರುವುದು. ನನ್ನ ಸೋಫಾದ ಸಂದಿಯಿಂದ ವರ್ಷಗಟ್ಟಲೆ ಗುಡಿಸಿ ತೆಗೆದಿದ್ದೇನೆ. ಆ ಮೇಡಂ ನೀನೇ, ರೊಮೆಲಿಯಾ. ಫೋನಿನಲ್ಲಿ "ಅಣ್ಣ ಸೂರಿನ ಮೇಲಿದಾನೆ ಅತ್ತಿಗೆ, ಆಮೇಲೆ ಮಾಡಿಸ್ತೀನಿ" ಅಂದೆಯಲ್ಲ, ಎಲ್ಲಿತ್ತು ಆ ಸೂರು? ಬೇರೆ ಹೆಂಗಸಾಗಿದ್ದರೆ ಯಾರ ಜುಟ್ಟು ಹಿಡಿಯಬೇಕು ಅಂತಲಾದರೂ ತಿಳಿಯುತ್ತಿತ್ತು. ಒಡಹುಟ್ಟಿದವರಿಬ್ಬರೂ ಸೇರಿಕೊಂಡು ನನ್ನಿಂದ ಏನು ಮುಚ್ಚಿಡುತ್ತಿದ್ದೀರಿ? ಮನೆ ಮಾರುತ್ತೀರಾ? ನಿಮ್ಮಣ್ಣ ನನ್ನನ್ನು ಬಿಟ್ಟು ನಿನ್ನಲ್ಲಿಗೆ ಬರುತ್ತಾರಾ? ಹೇಳಿಬಿಡು. ನಿಜ ಗೊತ್ತಾಗದೆ ನಾಳೆ ನಾನು ಆ ಗುಡ್ಡೆಗೆ ಕೈ ಹಾಕುವುದಿಲ್ಲ. ಬೆಳಿಗ್ಗೆ ಕಾಫಿ ಹಿಡಿದು ಹಳದಿ ಚೂರುಗಳ ಜಾಡಿನಲ್ಲಿ ಅವರೊಬ್ಬರೇ ಹೊಳೆಯ ಕಡೆ ಹೋಗುವುದನ್ನು ಇವತ್ತು ಕಂಡಿದ್ದೇನೆ. ನಾಳೆ ಅವರಿಗಿಂತ ಮುಂಚೆ ಹೋಗಿ ಅಡಗಿ ಕೂರುತ್ತೇನೆ.

ಮಂಡಿಗೆ ಬಿಸಿ ಎಣ್ಣೆ ಹಚ್ಚು. ಮಕ್ಕಳಿಗೆ ನನ್ನ ಆಶೀರ್ವಾದ. ನಿನಗೆ ಎಷ್ಟು ಕೊಡಬೇಕೆಂದು ನಿನ್ನ ಉತ್ತರ ನೋಡಿ ತೀರ್ಮಾನಿಸುತ್ತೇನೆ.

ನಿನ್ನ ಅತ್ತಿಗೆ,
ದೆಲ್ಫಿನಾ

ತಾ.ಕ. ಭಾನುವಾರ ಬೆಳಿಗ್ಗೆ. ಅವರು ಡೇರೆ ಮಡಚುತ್ತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಕಂದು ಶಾಲು ಹೊದ್ದು ಬಂಡೆಗೆ ಒರಗಿ ಕೂತಿದ್ದೆ. ಎರಡು ಲೋಟ ಹಿಡಿದು ಬಂದರು. ಹೆಜ್ಜೆ ಎಣಿಸುತ್ತ, ತಲೆ ವಾರೆ ಮಾಡಿ ಒಂದೊಂದು ಹಳದಿ ಚೂರನ್ನೂ ಹುಡುಕುತ್ತ ಬಂದರು. ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತು, ನೇರ ನನ್ನ ಮುಖವನ್ನೇ ನೋಡಿ, "ದೆಲ್ಫೀ?" ಅಂತ ಕರೆದರು. ನಾನು ಉಸಿರೆತ್ತಲಿಲ್ಲ. ಇನ್ನೂ ಎದ್ದಿಲ್ಲ ಅಂದುಕೊಂಡಿರಬೇಕು, ಲೋಟಗಳನ್ನು ತಡವಿ ತಡವಿ ಕಲ್ಲಿನ ಮೇಲಿಟ್ಟರು. ಆಮೇಲೆ ಬೆಟ್ಟದ ಕಡೆ ತಿರುಗಿ ಪಾಠ ಒಪ್ಪಿಸುವ ಹಾಗೆ, "ನೋಡೇ ದೆಲ್ಫಿ, ತುದಿ ಕೆಂಡದ ಹಾಗಾಗಿದೆ, ಈಗ ಬಣ್ಣ ಕೆಳಗಿಳೀತಾ ಇದೆ" ಅಂದರು. "ಥೂ, ಇದನ್ನ ಹೋದ ವರ್ಷಾನೂ ಹೇಳಿದ್ದೆ" ಅಂತ ತಮ್ಮನ್ನೇ ಬೈದುಕೊಂಡು ಮತ್ತೆ ಮೊದಲಿಂದ ಶುರು ಮಾಡಿದರು. ರೊಮೆಲಿಯಾ, ಬೆಟ್ಟ ಪೂರ್ತಿ ಮೋಡದಲ್ಲಿ ಮುಳುಗಿತ್ತು.

ತಲೆ ವಾರೆ ಮಾಡಿ ಹೀಗೇ ನೋಡುತ್ತಿದ್ದವರು ನಿಮ್ಮಮ್ಮ, ಕಣ್ಣು ಹೋಗುವ ಮುಂಚಿನ ಎರಡು ವರ್ಷ. ನನಗೆ ಹೊಳೆಯಲೇ ಇಲ್ಲವಲ್ಲೇ! ಡೇರೆಯ ಕಡೆಗೆ ಸುತ್ತಿ ಹೋಗಿ, ಕಲ್ಲು ಒದೆಯುತ್ತ ಸದ್ದು ಮಾಡಿಕೊಂಡು ಬಂದು, "ಕಾಫಿ ಎಲ್ರೀ?" ಅಂದೆ. ಕೊಟ್ಟರು, ಬೆಟ್ಟ ಕೆಂಪಾಗಿದೆ ಅಂದರು. "ಹೌದ್ರೀ, ಏನು ಕೆಂಪು!" ಅಂದೆ. ಹೊಳೆಗೆ ಇಳಿದು ನಾನೇ ಒಂದು ಚಿಪ್ಪುಗಲ್ಲು ಹುಡುಕಿ ತಂದು ಅವರ ಅಂಗೈಯಲ್ಲಿಟ್ಟೆ. ಹೆಬ್ಬೆರಳಲ್ಲಿ ಸವರಿ, "ಈ ಸಲ ನೀನೇ ಗೆದ್ದೆ ಕಣೇ" ಅಂದರು. ಇಬ್ಬರೂ ಸೇರಿ ಗುಡ್ಡೆಗೆ ಇಟ್ಟೆವು. ನಲವತ್ತು ವರ್ಷಕ್ಕೆ ನನಗೆ ಉಡುಗೊರೆ ಬೇಡವೇ, ಟ್ರಕ್ಕಿನ ಕೀ ಕೊಡಿ, ಇನ್ನು ಮೇಲೆ ನಾನೇ ಓಡಿಸುವವಳು ಅಂದೆ. ಜಗಳವಾಡುತ್ತಾರೆ ಅಂದುಕೊಂಡಿದ್ದೆ. ತಕ್ಷಣ ಜೇಬಿನಿಂದ ತೆಗೆದು ಚಾಚಿದರು. ನನ್ನ ಕೈ ಎಲ್ಲಿದೆ ಅಂತ ಅವರಿಗೆ ತಿಳಿಯಲಿಲ್ಲ. ನಾನೇ ಅಂಗೈಯನ್ನು ಕೀಯ ಕೆಳಗೆ ತಂದೆ.

ನನಗೆ ಗೊತ್ತಾಗಿದೆ ಅಂತ ಅವರಿಗೆ ಹೇಳಬೇಡ, ಅವರಾಗೇ ಹೇಳುವ ದಿನ ಬರಲಿ. ಆ ಮೂರು ದಿನದಲ್ಲಿ ಒಡೆಸ್ಸಾದ ಕಣ್ಣಿನ ಡಾಕ್ಟರಿಗೂ ತೋರಿಸಿರುತ್ತೀರಿ, ಅವರು ಏನೆಂದರು, ಇನ್ನೆಷ್ಟು ದಿನ ಕಣ್ಣು ಕಾಣುತ್ತದೆ ಅಂದರು, ಒಂದನ್ನೂ ಬಿಡದೆ ಬರಿ. ಸ್ಕೂಲಿನ ವಿಳಾಸ ಬೇಡ, ಮನೆಗೇ ಬರಿ. ಇನ್ನು ನಮ್ಮ ಮನೆಗೆ ಬರುವ ಕಾಗದ ಓದುವವಳು ನಾನೇ.