ಒಂದು ಕೈ ಹೊಡೆದು ತಡೆಯುವುದು

ಅಪ್ಪಾ,

ಅಂಬೇವಾಡಿಯ ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ನಾನು ಕೆಮ್ಮಿದಾಗೆಲ್ಲ ಆ ಸದ್ದು ನಿಲ್ಲುತ್ತದೆ. ಅವಳಿಗೆ ಹೇಳಲಾಗದ್ದನ್ನು ನಿನಗೆ ಹೇಳುತ್ತೇನೆ, ಬೈಯಬೇಡ.

ನೀನು ಕುಳಗಿಯ ಅರಣ್ಯ ಕ್ಯಾಂಪಿನ ಜೀಪಿಗೆ ಬಣ್ಣ ಹೊಡೆದ ದಿನ ನೆನಪಿದೆಯಾ? ನಾನು ಊಟದ ಡಬ್ಬಿ ತಂದಿದ್ದೆ. ನೀನು ಸ್ಪ್ರೇ ಗನ್ ಕೆಳಗಿಟ್ಟು, ಮುಖಕ್ಕೆ ಕಟ್ಟಿದ್ದ ವಸ್ತ್ರ ಇಳಿಸಿ, ಬಾನೆಟ್ಟಿಗೆ ಬಾಗಿ ಮೂಸಿದೆ. "ಒಂದ ಕೈ ಬಣ್ಣ ಹೊಡಿ, ತಡಿ. ವಾಸನಿ ಸತ್ತ ಮ್ಯಾಲ ಎರಡನೇದು," ಅಂದೆ. ಆ ಮೂಸುವ ಚಟವೇ ನಿನ್ನ ಎದೆ ತಿಂದು ಜೀವ ತೆಗೆಯಿತು ಅಂತ ಅವ್ವ ಇವತ್ತಿಗೂ ಅನ್ನುತ್ತಾಳೆ. ಡಾಕ್ಟರೂ ಅದನ್ನೇ ಹೇಳಿದರಲ್ಲ...

ಧಾರವಾಡದ ಲ್ಯಾಬಿನಲ್ಲಿ ಈಗ ನನ್ನ ಕೈಯಲ್ಲೂ ಸ್ಪ್ರೇ ಗನ್ ಇದೆ ಅಂದರೆ ನಗುತ್ತೀಯಾ? ಚೆನ್ನಾಗಿ ಕಾದ ಗಾಜಿಗೆ ತವರದ ಲವಣ ಕರಗಿಸಿದ ನೀರು ಸಿಂಪಡಿಸಬೇಕು. ಅದು ಆಕ್ಸೈಡಿನ ತೆಳು ಪದರವಾಗಿ ಕೂತು ಕರೆಂಟ್ ಹರಿಯಬಿಟ್ಟರೆ, ಆ ಗಾಜೇ ತಂತಿಯ ಹಾಗೆ ಕೆಲಸ ಮಾಡುವ ಎಲೆಕ್ಟ್ರೋಡ್ ಆಗುತ್ತದೆ. ನನ್ನದು ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಗುತ್ತಿತ್ತು, ಮೀಟರಿನ ಮುಳ್ಳು ಅಲುಗುತ್ತಲೇ ಇರಲಿಲ್ಲ. ಶನಿವಾರದೊಳಗೆ ಬರದಿದ್ದರೆ ಸಂಶೋಧನೆಯ ವಿಷಯವನ್ನೇ ಬದಲಾಯಿಸೋಣ ಎಂದಿದ್ದರು ನಮ್ಮ ಗೈಡ್. ಎರಡು ವರ್ಷದ ಕೆಲಸ ನೀರಲ್ಲಿ ಹೋಗುತ್ತದಲ್ಲ ಎಂದು ಊಟವೇ ಸೇರುತ್ತಿರಲಿಲ್ಲ.

ಶುಕ್ರವಾರ ನಿನ್ನ ಮಾತು ನೆನಪಾಯಿತು. ಅಲ್ಲಿಯವರೆಗೆ ನಾನು ಬಿಡದೆ ಹೊಡೆಯುತ್ತಿದ್ದೆ, ಅದಕ್ಕೇ ಗಾಜಿನ ಮೈ ತಣ್ಣಗಾಗಿ ಪದರ ಬೆಳ್ಳಗಾಗುತ್ತಿತ್ತು. ಗಾಜಿನ ಅಡಿಯಲ್ಲಿದ್ದ ಶಾಖ ಅಳೆಯುವ ತಂತಿಗೆ ಆ ತಂಪು ಗೊತ್ತಾಗುತ್ತಿರಲಿಲ್ಲ. ಒಂದು ಕೈ ಹೊಡೆದು ತಡೆದೆ. ಆದರೆ ಎಷ್ಟು ಹೊತ್ತು ತಡೆಯಬೇಕು? ಮಾಸ್ಕ್ ಇಳಿಸಿ ಬಾಗಿದೆ, ಅಪ್ಪಾ. ಆಮ್ಲದ ಘಾಟು ಗಂಟಲಿಗಿಳಿಯಿತು. ಅದು ಸತ್ತ ಮೇಲೆ ಎರಡನೇ ಕೈ. ಹೀಗೆ ಇಪ್ಪತ್ತು ಸಲ. ಗಾಜು ತಿಳಿಯಾಗಿಯೇ ಉಳಿಯಿತು, ಮುಳ್ಳು ಬಲಕ್ಕೆ ಓಡಿತು. ಖುಷಿಗೆ ಅತ್ತುಬಿಟ್ಟೆ. ಆಮೇಲೆ ಕೆಮ್ಮು ಶುರುವಾಯಿತು.

ಇವತ್ತು ಬೆಳಿಗ್ಗೆ ಅವ್ವ ಕೇಳಿದಳು, "ಅವರೂ ಮೊದಲ ಹಿಂಗ ಕೆಮ್ಮತಿದ್ರು. ನೀ ಅಲ್ಲಿ ಏನ ಮೂಸಾಕತ್ತಿ?" ಧೂಳು ಅಂದೆ. ನೀನೂ ಅವಳಿಗೆ ಹೀಗೇ ಧೂಳು ಅಂದಿದ್ದೆಯಲ್ಲವೇ?

ನಾಳೆ ಸೋಮವಾರ, ಧಾರವಾಡಕ್ಕೆ ಹೋಗಿ ಗೈಡ್ ಎದುರಿಗೆ ಮತ್ತೆ ಮಾಡಿ ತೋರಿಸಬೇಕು. ಮೂಸದೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಆದರೂ ಮಾಸ್ಕ್ ಇಳಿಸುವುದಿಲ್ಲ. ಗಡಿಯಾರ ಇಟ್ಟುಕೊಂಡೇ ಹುಡುಕುತ್ತೇನೆ. ಎಷ್ಟು ಸೆಕೆಂಡು ತಡೆಯಬೇಕು ಎಂದು ಗೊತ್ತಾದ ದಿನ ಅದನ್ನು ಬರೆದು ಲ್ಯಾಬಿನ ಗೋಡೆಗೆ ಅಂಟಿಸುತ್ತೇನೆ. ನನ್ನ ನಂತರ ಬರುವವರು ಯಾರೂ ಬಾಗಿ ಮೂಸಬಾರದು.

ಮತ್ತೆ ಕೆಮ್ಮು ಬಂತು. ಒಳಗೆ ರೊಟ್ಟಿಯ ಸದ್ದು ನಿಂತಿದೆ. ಅದು ಧೂಳಲ್ಲ ಅಂತ ಅವಳಿಗೆ ಹೇಳಿ ಬರುತ್ತೇನೆ.

ನಿನ್ನ ಮಗಳು
ಸುಮಾ